ನಾಣ್ಯ ಎತ್ತಿದ ಮೇಲೆ ಆಡಿದ ಮಾತು

(ಏಳನೆಯ ಕಂತು)

"ಇಡಿ, ನೋಡೋಣ," ಎಂದಳು ಕುವಾಬಾರಾ ಸನಾಯೆ.

ಕಜಾಮಾ ಮುಷ್ಟಿ ಬಿಚ್ಚಲಿಲ್ಲ. ಅರವತ್ತು ದಾಟಿದ ಗಟ್ಟಿ ಆಳು. ಚಮಚ, ಫೋರ್ಕುಗಳಿಗೆ ನಿಕ್ಕಲ್ ಲೇಪನ ಹಾಕುವ ಕಸುಬು. ಬೆರಳ ತುದಿಗಳೆಲ್ಲ ಬಣ್ಣಗೆಟ್ಟು ಬೂದಿಯಾಗಿದ್ದವು.

"ಇದನ್ನ ಸುಮ್‌ಸುಮ್ನೆ ಇಡೋ ಹಾಗಿಲ್ಲ. ಮಕ್ಕಳಾಟ ಅಂದ್ಕೊಂಡ್ಯಾ?"

"ಮಕ್ಕಳಾಟ ಆಗಿದ್ರೆ ಒಬ್ಬ ಮನುಷ್ಯ ಸಾಯ್ತಿರ್ಲಿಲ್ಲ. ಇಡಿ, ಕಜಾಮಾ ಸಾನ್."

"ಪಾಲಿಶ್ ಗೆಂಜಿ ಮಗಳಿಗೆ ನಾಲಿಗೆ ಉದ್ದ ಆಗಿದೆ. ನಿನ್ನಪ್ಪ ನನ್ನ ಮುಂದೆ ತಲೆ ಎತ್ತಿ ಮಾತಾಡ್ತಿರ್ಲಿಲ್ಲ."

"ಅಪ್ಪ ಪೊಲೀಸ್ ಆಗಿರ್ಲಿಲ್ಲ. ಇಡಿ."

ಕಜಾಮಾ ಮುಷ್ಟಿ ಬಿಚ್ಚಿದ. ಗಿಡ್ಡ ಮೇಜಿನ ನಡುವೆ ಅಂಗೈಯಗಲದ ಒಂದು ಉಕ್ಕಿನ ತಟ್ಟೆ ಕೂರಿಸಿತ್ತು. ಅದರ ಮೇಲೆ ನಾಣ್ಯ ಇಟ್ಟ. ಟಣ್ ಎಂದಿತು. ಇಟ್ಟ ಮರುಗಳಿಗೆಗೆ ಅವನ ಬೆನ್ನು ನೆಟ್ಟಗಾಯಿತು, ಗೊಗ್ಗರು ದನಿ ತಿಳಿಯಾಯಿತು.

"ಕೇಳು, ಪರಸ್ಥಳದವಳೇ. ನಾನು ಮೂರು ಬಾವಿಗಳ ಕಾವಲುಗಾರ. ನನ್ನ ತಂದೆಯೂ ಕಾವಲುಗಾರ. ನೀರಿಗೆ ಬಂದವರನ್ನು ನಾನು ಹೆಸರು ಕೇಳುವುದಿಲ್ಲ, ಹಿಂತಿರುಗಿ ಕಳಿಸುವುದೂ ಇಲ್ಲ."

ಆಮೇಲೆ ನಾಣ್ಯ ಎತ್ತಿಕೊಂಡ. ಬೆನ್ನು ಮತ್ತೆ ಬಾಗಿತು.

"ಇಷ್ಟೇ ನೋಡು. ಇಟ್ಟಾಗ ಮಾತಾಡೋನು ಅವನು. ಎತ್ತಿದ ಮೇಲೆ ನಾನು. ನಾಣ್ಯ ಕೆಳಗಿರೋವಾಗ ಏನಂದ್ರೂ ಯಾರೂ ಮನಸಿಗೆ ಹಚ್ಕೊಳೋ ಹಾಗಿಲ್ಲ. ಬೈದ್ರೂ ಸರಿ, ಕೊಲ್ತೀನಿ ಅಂದ್ರೂ ಸರಿ."

"ನಾಣ್ಯ ಎತ್ತಿದ ಮೇಲೆ ಅಂದ್ರೆ?"

"ಆಗ ಅಂದಿದ್ದು ಅಂದ ಹಾಗೇ."

ಸನಾಯೆಗೆ ಬೇಕಾಗಿದ್ದುದು ಈ ಒಂದು ಮಾತು. ಅದನ್ನು ಇವನ ಬಾಯಿಂದಲೇ ಕೇಳಬೇಕೆಂದು ಅವಳು ಈ ಕಾಫಿ ಅಂಗಡಿಯ ಮಹಡಿ ಹತ್ತಿ ಬಂದು ಕೂತಿದ್ದಳು.

ನಗುಮೊ ತೆತ್ಸುರೊ ಎಂಬ ದಸ್ತಾವೇಜು ಬರಹಗಾರ ತಮಾಕಿ ಕೊಹೆ ಎಂಬವನ ಅಚ್ಚು ಕೆತ್ತುವ ಅಂಗಡಿಯಲ್ಲಿ ಉಕ್ಕಿನ ಅಚ್ಚಿನ ಏಟಿಗೆ ತಲೆಯೊಡೆದು ಸತ್ತು ಬಿದ್ದಿದ್ದ. ಆ ಕೊಲೆಗೆ ಕೊಹೆಯೇ ಲಾಕಪ್ಪಿನಲ್ಲಿದ್ದ. ಅಂಗಡಿ ಅವನದು, ಅಚ್ಚು ಅವನದು, ಮೇಲಾಗಿ ಇವರ ಆಟದ ಧ್ವನಿಮುದ್ರಣದಲ್ಲಿ ಬೆದರಿಕೆಯ ದನಿಯೂ ಅವನದು. ಇನ್ನೇನು ಬೇಕು? ವಿಭಾಗದ ಮುಖ್ಯಸ್ಥ ಸೆಕಿಯಾನಿಗಂತೂ ಇನ್ನೇನೂ ಬೇಡವಾಗಿತ್ತು.

ಕೊಹೆ ತೊದಲ. ಸಣ್ಣಪುಟ್ಟ ತೊದಲಲ್ಲ, ತನ್ನ ಹೆಸರು ಹೇಳಲಿಕ್ಕೇ ಕುತ್ತಿಗೆಯ ನರ ಉಬ್ಬುವಂಥ ತೊದಲು. ಹಿಡಿದು ತಂದಾಗಿನಿಂದ ಅವನು ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಸೆಕಿಯಾನ ಲೆಕ್ಕ. ಕೊಹೆಯ ತಾಯಿ ದಿನಾ ಬೆಳಿಗ್ಗೆ ಠಾಣೆಯ ಬಾಗಿಲಿಗೆ ಬಂದು, "ಅವನಿಗೆ ಟೈಮ್ ಕೊಡಿ, ಹೇಳ್ತಾನೆ, ಸ್ವಲ್ಪ ಟೈಮ್ ಕೊಡಿ," ಎಂದು ಸಿಕ್ಕ ಸಿಕ್ಕ ಪೇದೆಗಳಿಗೆಲ್ಲ ಕೈಮುಗಿಯುತ್ತಿದ್ದಳು.  ಇವತ್ತು ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಆರೋಪ ಹೊರಿಸಿ ಸರ್ಕಾರಿ ವಕೀಲರ ಬಳಿಗೆ ಕಳಿಸುವುದೆಂದು ಸೆಕಿಯಾ ಹೇಳಿಬಿಟ್ಟಿದ್ದ. ಈ ದೇಶದಲ್ಲಿ ಹಾಗೆ ಕಳಿಸಿದ ಮೇಲೆ ನಿರಪರಾಧಿ ಎಂದು ಹಿಂದೆ ಬಂದವರನ್ನು ಅವಳಂತೂ ಕಂಡಿರಲಿಲ್ಲ.

"ಇನ್ನೊಂದು ಲೋಟ ಕಾಫಿ ಹಾಕ್ಲಾ, ಸನಾಯೆ?" ಎಂದಳು ಫುಸಾಕೊ.

ಉಚಿಯಾಮಾ ಫುಸಾಕೊ ಈ ಅಂಗಡಿಯ ಒಡತಿ. ಕೆಳಗೆ ಕಾಫಿ, ಮೇಲೆ ಈ ಚಾಪೆ ಹಾಸಿದ ಕೋಣೆ. ವಯಸ್ಸು ಎಪ್ಪತ್ತರ ಹತ್ತಿರ. ಊರಿನ ಅರ್ಧ ಜನ ಅವಳ ಕೈಯಲ್ಲಿ ಕಾಫಿ ಕುಡಿದು, ಕಷ್ಟ ಹೇಳಿಕೊಂಡು ಬೆಳೆದವರು. ಸನಾಯೆಯೂ ಅವರಲ್ಲೊಬ್ಬಳು. ಪೊಲೀಸ್ ಪರೀಕ್ಷೆ ಎರಡನೇ ಸಲ ಫೇಲಾದಾಗ ಅವಳು ಅತ್ತದ್ದು ಅಮ್ಮನ ಮುಂದಲ್ಲ, ಇವಳ ಮುಂದೆ.

"ಸಾಕು ಅಕ್ಕಾ. ಆಗ್ಲೇ ಎರಡಾಯ್ತು."

"ಹೊರಗೆ ಹಿಮ ನೋಡು, ಈಗ್ಲೇ ಎಲ್ಲಿಗೆ ಹೋಗ್ತೀಯ? ಕೂತ್ಕೋ."

ಹೊರಗೆ ಹಿಮ ಸುರಿಯುತ್ತಲೇ ಇತ್ತು. ರಸ್ತೆಯ ನಡುವಿನ ಕೊಳವೆಗಳಿಂದ ಅಂತರ್ಜಲ ಚಿಮ್ಮಿ ಹಿಮ ಕರಗಿಸುತ್ತಿತ್ತು. ಆ ನೀರಿನ ಕಬ್ಬಿಣಕ್ಕೆ ಊರಿನ ರಸ್ತೆಗಳೆಲ್ಲ ಎಂದೋ ಕೆಂಪಗಾಗಿದ್ದವು.

ಹಿನೋಮೆ ಎಂಬ ದೇಶ ಯಾವ ಭೂಪಟದಲ್ಲೂ ಇಲ್ಲ. ಅದು ಇದ್ದದ್ದು ಈ ಕೋಣೆಯಲ್ಲಿ. ಒಂಬತ್ತು ವರ್ಷದಿಂದ ಭಾನುವಾರ ಬಂತೆಂದರೆ ನಾಲ್ಕು ಜನ ಇಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹೊತ್ತು, ಆ ದೇಶದ ಕಥೆ ಕಟ್ಟುತ್ತಿದ್ದರು. ಇಂಥ ಆಟ ಆಡುವವರು ಬೇರೆ ಊರುಗಳಲ್ಲೂ ಇದ್ದಾರೆ. ಅವರು ರಾಕ್ಷಸರನ್ನು ಕೊಂದು ನಿಧಿ ಹೊತ್ತು ತರುತ್ತಾರೆ. ಇವರಿಗೆ ಅದು ರುಚಿಸಲಿಲ್ಲ. ಇವರು ನ್ಯಾಯಾಲಯ ಕಟ್ಟಿದರು, ಟಂಕಸಾಲೆ ಕಟ್ಟಿದರು.

ಕಾನೂನು ಬರೆದವನು ನಗುಮೊ. ಹಗಲೆಲ್ಲ ಜನರ ಜಾಗದ ಕಾಗದಪತ್ರ ಬರೆದು ಬೇಸತ್ತ ಮನುಷ್ಯ, ಇಲ್ಲಿ ಬಂದು ಮನಸಾರೆ ಕಾನೂನು ಬರೆಯುತ್ತಿದ್ದ. ಹಿನೋಮೆಯಲ್ಲಿ ಜೈಲಿಲ್ಲ, ಯಾಕೆಂದರೆ ಅರ್ಧ ವರ್ಷ ಹಿಮದಡಿ ಇರುವ ನಾಡಿನಲ್ಲಿ ಕೂತು ತಿನ್ನುವವನಿಗೆ ಹಾಕಲು ಕಾಳಿಲ್ಲ. ಅಲ್ಲಿನ ನಾಣ್ಯದ ಹೆಸರು 'ಹೊತ್ತು'. ಒಂದು ಹೊತ್ತು ಕೊಟ್ಟರೆ ಒಂದು ಹೊತ್ತಿನ ಊಟ, ಎಂದೆಂದಿಗೂ ಅಷ್ಟೇ. ಹಾಗಾಗಿ ಅಲ್ಲಿ ದಂಡ ಎಂದರೆ ಹಸಿವು, ಯಾವ ಅಪರಾಧಕ್ಕೆ ಎಷ್ಟು ಹಸಿವು ಎಂದು ಇವರು ವರ್ಷಗಟ್ಟಲೆ ಜಗಳವಾಡಿದ್ದರು. ನಾಣ್ಯದ ಮೇಲೆ ರಾಜನ ಮುಖ ಬೇಡ, ರಾಜ ಸಾಯುತ್ತಾನೆ, ಬಾವಿ ಇರಲಿ ಎಂದವನು ಕೊಹೆ. ಅವನು ಅಚ್ಚು ಕೆತ್ತಿದ, ಕಜಾಮಾ ಲೇಪನ ಹಾಕಿದ; ಕೊಹೆಯ ಅಂಗಡಿಯೇ ಇವರ ಟಂಕಸಾಲೆ. ಇವು ಕೊಡುವ ತರುವ ನಾಣ್ಯಗಳು. ಇದಲ್ಲದೆ ನ್ಯಾಯಾಲಯದಲ್ಲಿ ಮಾತಾಡಲಿಕ್ಕೆಂದು ಒಬ್ಬೊಬ್ಬರಿಗೆ ಒಂದೊಂದು ಹೆಸರಿನ ನಾಣ್ಯ. ಕಜಾಮಾ ಈಗ ಇಟ್ಟು ಎತ್ತಿದ್ದು ಅದನ್ನೇ.

ಫುಸಾಕೊಗೆ ಮಾತ್ರ ನಾಣ್ಯವಿರಲಿಲ್ಲ. ಅವಳು ಕಥೆ ನಡೆಸುವವಳು. ಗಾಳಿ, ಹಿಮ, ರಾತ್ರಿ, ಬಾಗಿಲು ತಟ್ಟುವ ಅಪರಿಚಿತ, ಎಲ್ಲ ಅವಳ ದನಿಯಲ್ಲೇ ಬರಬೇಕು.

ಇದನ್ನೆಲ್ಲ ಮೊದಲ ದಿನ ಕೇಳಿದಾಗ ಸನಾಯೆಗೆ ನಗು ಬಂದಿತ್ತು. ಎರಡನೇ ದಿನ ಬರಲಿಲ್ಲ. ತನ್ನ ಠಾಣೆಯಲ್ಲಿ ಯಾರೂ ನಿಜವಾದ ಕಾನೂನನ್ನು ಇಷ್ಟು ಯೋಚಿಸಿ ಓದಿದವರಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

"ಈಗ ಇದನ್ನ ಕೇಳಿ," ಎಂದು ಅವಳು ಫೋನು ಮೇಜಿನ ಮೇಲಿಟ್ಟಳು.

ಆಟದ ಪ್ರತಿ ಭಾನುವಾರವನ್ನೂ ಫುಸಾಕೊ ಧ್ವನಿಮುದ್ರಿಸುತ್ತಿದ್ದಳು. ಕೊಲೆಯ ಹಿಂದಿನ ದಿನದ್ದನ್ನು ಪೊಲೀಸರಿಗೆ ತಂದುಕೊಟ್ಟವಳೂ ಅವಳೇ, ಅಳುತ್ತಾ.

ಟಣ್ ಎಂಬ ಸದ್ದು. ಹಿಂದೆಯೇ ಕೊಹೆಯ ದನಿ. ಒಂದೇ ಒಂದು ಅಕ್ಷರ ತೊದಲದೆ, ತುಂಬು ಗಂಭೀರವಾದ ದನಿ.

"ಸಾಕ್ಷಿಯೇ, ಸುಳ್ಳಾಡಿದೆಯಾದರೆ ನಿನ್ನ ಹೆಸರಿನ ನಾಣ್ಯವನ್ನು ಅಚ್ಚಿನ ಕೆಳಗಿಟ್ಟು ಜಜ್ಜುತ್ತೇನೆ. ಅದರ ಹಿಂದೆ ನಿನ್ನ ತಲೆಯನ್ನು. ಹೆಸರು ಕಳೆದುಕೊಂಡವನಿಗೆ ಹಿನೋಮೆಯಲ್ಲಿ ತಲೆಯ ಅಗತ್ಯವಿಲ್ಲ."

ಸನಾಯೆ ನಿಲ್ಲಿಸಿದಳು. "ನಮ್ಮ ಸಾಹೇಬ್ರು ಇಲ್ಲಿವರೆಗೆ ಕೇಳಿದ್ರು. ಕೇಳಿ, ಹೋಗಿ ಹಿಡ್ಕೊಂಡು ಬಂದ್ರು."

"ಅವಿವೇಕಿ," ಎಂದ ಕಜಾಮಾ. "ನಾಣ್ಯ ಇಟ್ಟಿದ್ದು ಕೇಳ್ಸಲ್ವಾ ಅವನಿಗೆ? ಅಲ್ಲಿ ಸಾಕ್ಷಿ ಪಾತ್ರದ ನಗುಮೊ ಹತ್ರ ಮಾತಾಡ್ತಿರೋನು ಕುರುಡು ನ್ಯಾಯಾಧೀಶ. ಕೊಹೆ ಅಲ್ಲ. ಕೊಹೆ ಇರುವೆ ತುಳಿಯೋಕೂ ಹೆದರ್ತಾನೆ."

"ಪಾತ್ರ ಹೊತ್ತಾಗ ತೊದಲೋದೇ ಇಲ್ವಾ?"

ಫುಸಾಕೊ ಉತ್ತರ ಕೊಟ್ಟಳು. "ಇಲ್ಲಮ್ಮ, ಒಂದು ದಿನಾನೂ ಇಲ್ಲ. ಮೊದಲನೇ ಸಲ ಅವನು ಹಾಗೆ ಮಾತಾಡಿದಾಗ ಅವರಮ್ಮ ಕೆಳಗೆ ಕಾಫಿ ಕುಡೀತಾ ಇದ್ಳು. ಯಾರದು ಮೇಲೆ ಅಂತ ಕೇಳಿದ್ಳು. ನಿನ್ನ ಮಗನೇ ಕಣೇ ಅಂದೆ. ನಂಬ್ಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ಳು."

 ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಸನಾಯೆ ಸೇವೆಗೆ ಸೇರಿದ ಮೇಲೆ ಎಷ್ಟೋ ಸಲ ಕಣ್ಣಾರೆ ಕಂಡಿದ್ದಳು. ಆದರೆ ಈ ಎಮ್ಮೆಗೆ ಕೂಗಲಿಕ್ಕೂ ಬಾಯಿಲ್ಲ.

"ಸಾಹೇಬ್ರು ಕೇಳದೆ ಬಿಟ್ಟಿದ್ದು ಮುಂದಿದೆ," ಎಂದಳು. "ನಾನು ಕಾರಲ್ಲಿ ಕೂತು ಕೊನೇವರೆಗೂ ಕೇಳ್ದೆ."

ಫೋನಿನಲ್ಲಿ ಚಾಪೆಯ ಮೇಲೆ ಜನ ಸರಿದು ಕೂತ ಸರಬರ. ಉಕ್ಕಿನ ಮೇಲಿಂದ ಒಂದೊಂದಾಗಿ ನಾಣ್ಯ ಎತ್ತಿಕೊಂಡ ಸದ್ದು. ಲೋಟಗಳ ಸದ್ದು, ನಗು. ಆಮೇಲೆ ಸತ್ತವನ ದನಿ, ದಣಿದ ಸಾದಾ ದನಿ.

"ಬಾವಿ ವಿಷಯ ಇನ್ನು ಮುಚ್ಚಿಡೋಕೆ ನನ್ನಿಂದ ಆಗಲ್ಲ. ಈ ವಾರ ಎಲ್ಲರ ಮುಂದೆ ಹೇಳ್ಬಿಡ್ತೀನಿ. ಮಕ್ಕಳು ಕುಡೀತಿದ್ದಾರೆ ಆ ನೀರನ್ನ."

 ಒಬ್ಬರು ಕೆಮ್ಮಿದ ಸದ್ದು. ಆಮೇಲೆ ಫುಸಾಕೊಳ ಕಥೆಯ ದನಿ, ನಿಧಾನವಾಗಿ: "ಸಾಕ್ಷಿ ನಾಳೆ ಒಬ್ಬನೇ ಟಂಕಸಾಲೆಗೆ ಹೋಗುತ್ತಾನೆ. ಅವನ ಮಾತು ಕೇಳಲು ಅಲ್ಲೊಬ್ಬರು ಕಾಯುತ್ತಿರುತ್ತಾರೆ."

ಮುದ್ರಣ ಅಲ್ಲಿಗೆ ಮುಗಿಯಿತು.

ಸನಾಯೆ ಮೊದಲು ಫುಸಾಕೊ ಕಡೆ ತಿರುಗಿದಳು. "ಅಕ್ಕಾ, ಇದು?"

"ಇದಾ? ಪ್ರತಿ ವಾರ ಕೊನೆಗೆ ಒಂದು ಎಳೆ ಬಿಟ್ಟು ಮುಗಿಸ್ತೀನಲ್ಲ. ಇಲ್ದಿದ್ರೆ ಮುಂದಿನ ವಾರ ಇವರು ಬರ್ಬೇಕಲ್ಲ." ಫುಸಾಕೊ ಕಣ್ಣು ಒರೆಸಿಕೊಂಡಳು. "ನಗುಮೊ ಹೇಳಿದ್ದೂ ಆಟದ ಮಾತೇ ಅಂದ್ಕೊಂಡೆ ಕಣಮ್ಮ. ಬಾವಿಗೆ ವಿಷ ಬಿದ್ದ ಕಥೆ ನಡೀತಿತ್ತಲ್ಲ. ಅದಕ್ಕೇ ಜೋಡಿಸಿ ಹೇಳ್ದೆ. ನೆನೆಸ್ಕೊಂಡ್ರೆ ಈಗ ಮೈ ನಡುಗತ್ತೆ."

ಅದು ಸುಳ್ಳೆನ್ನಲು ಬರುವಂತಿರಲಿಲ್ಲ. ಹಳೆಯ ಮುದ್ರಣಗಳನ್ನೂ ಸನಾಯೆ ಕೇಳಿದ್ದಳು. ಪ್ರತಿಯೊಂದೂ ಇಂಥದೇ ಒಂದು ಮಾತಿನಿಂದ ಮುಗಿಯುತ್ತಿತ್ತು.

"ನಿಮಗೆ ಹಾಗನ್ನಿಸಿರ್ಬೋದು," ಎಂದು ಅವಳು ಕಜಾಮಾನ ಕಡೆ ತಿರುಗಿದಳು. "ಇವರಿಗೆ ಅನ್ನಿಸಿಲ್ಲ. ಕೆಮ್ಮಿದ್ದು ಇವರು."

ಕಜಾಮಾ ನಾಣ್ಯವನ್ನು ಬೆರಳ ನಡುವೆ ತಿರುಗಿಸುತ್ತಿದ್ದ. "ಹಿಮಗಾಲ. ಎಲ್ಲರೂ ಕೆಮ್ತಾರೆ."

"ನಾಣ್ಯ ಎತ್ತಿದ ಮೇಲೆ ಅಂದಿದ್ದು ಅಂದ ಹಾಗೇ ಅಂತ ಈಗ ತಾನೇ ನೀವೇ ಹೇಳಿದ್ರಿ. ನಗುಮೊ ನಾಣ್ಯ ಎತ್ತಿದ ಮೇಲೆ ಹೇಳಿದ್ದಾರೆ. ಮೂರೂ ನಾಣ್ಯ ಎತ್ತಿದ ಸದ್ದು ಕೇಳ್ಸತ್ತೆ. ಅಂದ್ರೆ ಬಾವಿ ಇರೋದು ಹಿನೋಮೆಯಲ್ಲಲ್ಲ. ನಮ್ಮೂರಲ್ಲಿ."

"ಇರ್ಬೋದು."

"ಯಾವ ಬಾವಿ?"

"ನನ್ನನ್ನ ಕೇಳಿದ್ರೆ?"

"ಊರಲ್ಲಿ ಮಕ್ಕಳು ಬಾವಿ ನೀರು ಕುಡಿಯೋ ಜಾಗ ಎಷ್ಟಿದೆ, ಕಜಾಮಾ ಸಾನ್? ಮನೆಗಳಲ್ಲೆಲ್ಲ ನಲ್ಲಿ ನೀರು. ಸ್ವಂತ ಬಾವಿ ಇಟ್ಕೊಂಡು, ಶುದ್ಧವಾದ ನೀರು ಅಂತ ಬೋರ್ಡ್ ಬೇರೆ ಹಾಕ್ಕೊಂಡಿರೋದು ಒಂದೇ ಶಿಶುವಿಹಾರ. ಅದರ ಹಿಂದಿನ ಗೋಡೆ ಯಾರ ಕಾರ್ಖಾನೆದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಹಿಡಿಯುವುದು ಸುಲಭ. ಕಜಾಮಾ ಹೆಗಲು ಮುಟ್ಟಿಕೊಳ್ಳಲಿಲ್ಲ. ಸುಮ್ಮನೆ ಕಿಟಕಿಯತ್ತ ನೋಡಿದ. 

"ಫುಸಾಕೊ, ಕಾಫಿ ಮಾಡು ಹೋಗು," ಎಂದ. "ನನಗೆ ಬೇಕು."

ಫುಸಾಕೊ ಒಂದು ಗಳಿಗೆ ಅವನನ್ನೇ ನೋಡಿ, ಕಾಫಿಯ ತಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದಳು.

ಹೆಜ್ಜೆ ಸದ್ದು ಕೆಳಗೆ ತಲುಪುವವರೆಗೂ ಅವನು ಬಾಯಿ ತೆರೆಯಲಿಲ್ಲ. ಆಮೇಲೆ ಹೆಸರಿನ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಜೇಬಿನ ಗುಂಡಿಯನ್ನೂ ಹಾಕಿದ.

"ಈಗ ನಾನೇ ಮಾತಾಡ್ತಿರೋದು. ಕಾವಲುಗಾರ ಅಲ್ಲ. ಬೇಕಾದ್ರೆ ಬರ್ಕೋ."

"ಹೇಳಿ."

"ದ್ರಾವಣದ ತೊಟ್ಟಿ ತಳ ಒಡೆದಿತ್ತು. ಎಷ್ಟು ದಿನದಿಂದ ಸೋರ್ತಿತ್ತೋ ದೇವರಿಗೇ ಗೊತ್ತು. ತೊಟ್ಟಿ ಬದಲಾಯಿಸ್ದೆ. ಮಣ್ಣಿಗೆ ಇಳಿದಿದ್ದನ್ನ ಏನ್ಮಾಡ್ಲಿ? ಅಗೆದು ತೆಗೆಸ್ಬೇಕು ಅಂದ್ರೆ ಕಾರ್ಖಾನೆ ಮಾರ್ಬೇಕು. ಸುಮ್ನಾದೆ. ಹಿಂದಿನ ಜಾಗ ಆಗ ಖಾಲಿ ಇತ್ತು, ಹುಲ್ಲು ಬೆಳೆದಿತ್ತು. ಯಾರಿಗೆ ನಷ್ಟ ಅಂದ್ಕೊಂಡೆ."

"ಆಮೇಲೆ ಆ ಜಾಗ ಶಿಶುವಿಹಾರಕ್ಕೆ ಹೋಯ್ತು."

"ಹ್ಞೂಂ. ಅಲ್ಲಿ ಹಳೇ ಬಾವಿ ಇತ್ತು. ಮಾರೋ ಮುಂಚೆ ಮಾರೋರಿಗೆ ನಾನೇ ಹೋಗಿ ಹೇಳ್ದೆ, ಆ ನೀರು ಸರಿಯಿಲ್ಲ, ಬಾವಿ ಮುಚ್ಚಿಸಿ ಕೊಡಿ ಅಂತ. ಆಯ್ತು ಅಂದ್ರು. ನೋಡಿದ್ರೆ ಬೋರ್ಡು ಹಾಕಿ ಕುಡಿಸ್ತಿದ್ದಾರೆ!"

"ಬಾಯಿ ಬಿಡ್ಬೋದಿತ್ತಲ್ಲ ನೀವು."

"ಬಿಡ್ಬೋದಿತ್ತು," ಎಂದ ಕಜಾಮಾ. "ಬಿಡ್ಲಿಲ್ಲ. ಈಗ ನನಗೆ ಉಗಿ ನೀನು, ಒರೆಸ್ಕೊಳಲ್ಲ."

ಸನಾಯೆಗೆ ನಿಜವಾಗಿ ಉಗಿಯಬೇಕೆನಿಸಿತು. ಅವಳ ತಂಗಿಯ ಮಗು ಹೋಗುವುದೂ ಅದೇ ಶಿಶುವಿಹಾರಕ್ಕೆ. ಅವಳು ಎರಡೂ ಕೈಗಳನ್ನು ತೊಡೆಯ ಮೇಲೆ ಒತ್ತಿ ಇಟ್ಟುಕೊಂಡಳು.

"ನಗುಮೊಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳ್ದೆ. ಹೊಟ್ಟೆಯಲ್ಲಿ ಇಟ್ಕೊಳೋಕೆ ಆಗ್ಲಿಲ್ಲ. ನಮ್ಮಲ್ಲಿ ಕಾನೂನು ಗೊತ್ತಿದ್ದೋನು ಅವನೊಬ್ನೇ ತಾನೇ? ಅವನು ನನ್ನನ್ನ ಬೈಲಿಲ್ಲ. ಮುಂದಿನ ಭಾನುವಾರ ಹಿನೋಮೆಗೆ ಒಂದು ಹೊಸ ಕಾನೂನು ಬರ್ಕೊಂಡು ಬಂದ. ಬಾವಿ ಕೆಟ್ಟಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡೋನು ತಾನೂ ಅದೇ ನೀರು ಕುಡೀಬೇಕು. ಅಷ್ಟೇ. ದಂಡ ಇಲ್ಲ, ಏಟಿಲ್ಲ. ಕೊಹೆಗೆ ಏನೂ ಗೊತ್ತಿರ್ಲಿಲ್ಲ, ಎಂಥಾ ಚೆಂದದ ಕಾನೂನು ಅಂತ ಕುಣಿದ. ಎಲ್ಲರೂ ಒಪ್ಪಿಗೆಗೆ ಕೈ ಎತ್ತಿದ್ವಿ. ನಾನೂ ಎತ್ತಿದೆ."

"ಆಟದಲ್ಲಿ ಕೈ ಎತ್ತೋದು ಸುಲಭ."

"ಹಾಗೇ ಅಂದ್ಕೊಂಡಿದ್ದೆ." ಕಜಾಮಾ ತನ್ನ ಬೂದು ಬೆರಳುಗಳನ್ನು ನೋಡಿಕೊಂಡ. "ಮನೆಗೆ ಹೋದೆ, ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಕಾರ್ಖಾನೆ ಹಿಂದಿನ ಪಂಪು ಒತ್ತಿ ಒಂದು ಲೋಟ ಕುಡಿದೆ. ಆವತ್ತಿಂದ ದಿನಾ ಕುಡೀತಿದ್ದೀನಿ. ಅಕ್ಕಿ ಬೇಯಿಸೋದೂ ಅದ್ರಲ್ಲೇ."

ಸನಾಯೆ ಅವನ ಮುಖ ನೋಡಿದಳು. ಹುಡುಗಾಟದ ಮುಖವಲ್ಲ. ಕೆನ್ನೆ ಕುಸಿದಿತ್ತು, ಕಣ್ಣಿನ ಬಿಳಿ ಹಳದಿಗಟ್ಟಿತ್ತು. ಬಂದಾಗಲೇ ಅದನ್ನು ಕಂಡಿದ್ದಳು, ವಯಸ್ಸಾಯಿತು ಎಂದುಕೊಂಡಿದ್ದಳು.

"ಹುಚ್ಚಾ ನಿಮಗೆ?"

"ಇರ್ಬೋದು. ಆದ್ರೆ ಆ ಕಾನೂನಿಗೆ ಕೈ ಎತ್ತಿದ್ದು ನಾನೇ ತಾನೇ? ಇದು ನಗುಮೊಗೆ ಗೊತ್ತಾಗಿ, ಅವನು ಅತ್ತುಬಿಟ್ಟ. ಬೇಡ ಕಣೋ, ಇದಕ್ಕಲ್ಲ ನಾನು ಬರೆದಿದ್ದು, ಇಬ್ರೂ ಹೋಗಿ ಪುರಸಭೆಯಲ್ಲಿ ಹೇಳಿಬಿಡೋಣ ಅಂದ. ಸರಿ ಅಂದೆ. ಈ ವಾರವೇ ಹೋಗೋದು ಅಂತಾಗಿತ್ತು. ನಾನೇ ಅವನನ್ನ ಕೊಲ್ಲೋ ಹಾಗಿದ್ರೆ ಈ ನೀರು ಯಾಕೆ ಕುಡೀಲಿ, ಸನಾಯೆ?"

ಮೊದಲ ಸಲ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದ. ಅವಳು ನಂಬಿದಳು. ಪೊಲೀಸರು ಹಾಗೆ ನಂಬಬಾರದು, ಅದು ಅವಳಿಗೂ ಗೊತ್ತಿತ್ತು. ಆದರೂ ನಂಬಿದಳು, ಏಕೆಂದರೆ ಇನ್ನೊಬ್ಬನ ಬಾಯಿ ಮುಚ್ಚಿಸಬೇಕೆಂದಿರುವವನು ತನ್ನ ಹೊಟ್ಟೆಗೆ ತಾನೇ ವಿಷ ಇಳಿಸಿಕೊಂಡು ಕೂರುವುದಿಲ್ಲ.

"ಹಾಗಾದ್ರೆ ನಗುಮೊ ಮಾತು ಹೊರಗೆ ಬಂದ್ರೆ ಮುಳುಗೋರು ಇನ್ನೊಬ್ರಿದ್ದಾರೆ," ಎಂದಳು ನಿಧಾನವಾಗಿ. "ನೀವು ಎಚ್ಚರಿಸಿದ್ರೂ ಬಾವಿ ಮುಚ್ಚಿಸದೆ ಜಾಗ ಮಾರಿದೋರು."

ಕಜಾಮಾ ತಲೆಯಾಡಿಸಿದ.

"ಯಾರು?"

ಅವನು ಮೆಟ್ಟಿಲಿನ ಕಡೆ ನೋಡಿದ. ಕೆಳಗಿನಿಂದ ಕಾಫಿಬೀಜ ಪುಡಿ ಮಾಡುವ ಸದ್ದು ಬರುತ್ತಿತ್ತು. ಅವನು ಬಾಯಿ ತೆರೆದ.

ಸನಾಯೆಯ ಫೋನು ಹೊಡೆದುಕೊಂಡಿತು. ಸೆಕಿಯಾ.

"ಕುವಾಬಾರಾ, ಎಲ್ಲಿದ್ದೀಯಮ್ಮ? ಬಾ ಬೇಗ. ಒಪ್ಕೊಂಡ."

"ಯಾರು ಸರ್?"

"ಯಾರು ಅಂದ್ರೆ? ನಿನ್ನ ತೊದಲ. ಏನು ಚೆನ್ನಾಗಿ ಒಪ್ಕೊಂಡ ಅಂತೀಯ! ಒಂದು ಅಕ್ಷರ ತಡವರಿಸಲಿಲ್ಲ. ಇಷ್ಟು ದಿನ ನಾಟಕ ಆಡ್ತಿದ್ದ ಅಷ್ಟೇ. ನಗುಮೊನ ಸಾವು ನನ್ನದು, ಬೇರೆ ಯಾರನ್ನೂ ಹುಡುಕಬೇಡಿ, ನನ್ನ ತಲೆಯ ಮೇಲೆ ಹಾಕಿ ಅಂದ. ನನ್ನ ಇಪ್ಪತ್ತೈದು ವರ್ಷದ ಸೇವೆಯಲ್ಲಿ ಇಂಥ ಖಡಕ್ ತಪ್ಪೊಪ್ಪಿಗೆ ಕೇಳಿಲ್ಲ."

ಸನಾಯೆ ಆ ಒಂದು ಮಾತಿನಲ್ಲೇ ನಿಂತಳು. ಒಂದು ಅಕ್ಷರ ತಡವರಿಸಲಿಲ್ಲ.

"ಸರ್, ಅವನ ಮುಂದೆ ನಾಣ್ಯ ಇಟ್ಟಿದ್ರಾ?"

"ಅರೆ! ನಿನಗೆ ಹೇಗೆ ಗೊತ್ತಾಯ್ತು? ಸಾಕ್ಷ್ಯದ ಚೀಲದಿಂದ ತೆಗೆಸಿ ಇಟ್ಟೆ. ಇಟ್ಟ ತಕ್ಷಣ ನೆಟ್ಟಗೆ ಕೂತ ನೋಡು."

ಫೋನಿನ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು.  ಕಜಾಮಾ ಮೇಜಿನ ಮೇಲೆ ಬಾಗಿ ಅವಳ ತೋಳು ಹಿಡಿದುಕೊಂಡ.

"ಅದು ತಪ್ಪೊಪ್ಪಿಗೆ ಅಲ್ಲ ಕಣೇ! ಹೇಳು ಆ ಅಯೋಗ್ಯನಿಗೆ! ಅದು ನಮ್ಮ ಕಾನೂನು. ಸಾಕ್ಷಿ ಹೇಳೋಕೆ ಬಂದೋನು ಮಾತು ಮುಗಿಸೋ ಮುಂಚೆ ಸತ್ರೆ, ಅವನ ಸಾವು ನ್ಯಾಯಾಧೀಶನ ತಲೆ ಮೇಲೆ. ಕಾಯೋಕಾಗ್ಲಿಲ್ಲ ಅಂತ. ನಿಜವಾಗಿ ಕೊಂದೋನು ಬಂದು ನಾಣ್ಯ ಇಡೋವರೆಗೂ ಶಿಕ್ಷೆ ನ್ಯಾಯಾಧೀಶನಿಗೇ. ಕೊಹೆ ಒಪ್ಕೊಂಡಿಲ್ಲ, ತೀರ್ಪು ಓದಿದ್ದಾನೆ ಅಷ್ಟೇ!"

"ಸರ್," ಎಂದಳು ಸನಾಯೆ.  "ಆ ನಾಣ್ಯ ತೆಗೀರಿ. ತೆಗೆದು ಇನ್ನೊಂದು ಸಲ ಕೇಳಿ. ದಯವಿಟ್ಟು."

"ಯಾಕೆ ಕೇಳ್ಲಿ? ಹೆಬ್ಬೆಟ್ಟು ಒತ್ತಿಸ್ಕೊಂಡಾಯ್ತು. ನಾಣ್ಯಾನೂ ಚೀಲಕ್ಕೆ ವಾಪಸ್ ಹಾಕಾಯ್ತು."

"ಈಗ ಏನ್ ಮಾಡ್ತಿದ್ದಾನೆ?"

"ಏನ್ ಮಾಡ್ತಾನೆ? ಮತ್ತೆ ಶುರು ಹಚ್ಕೊಂಡಿದ್ದಾನೆ ತೊದಲು. ಏನೋ ಹೇಳೋಕೆ ಒದ್ದಾಡ್ತಿದ್ದಾನೆ, ಮೇಜು ಬಡೀತಿದ್ದಾನೆ. ಫು, ಫು ಅಂತಾನೆ, ಮುಂದಕ್ಕೆ ಹೋಗಲ್ಲ. ಯಾರು ಕೂತ್ಕೊಂಡು ಕೇಳ್ತಾರೆ ಈಗ? ಗಾಡಿ ಬಂದಿದೆ, ಕಳಿಸ್ತಿದ್ದೀನಿ."

"ಸರ್, ಒಂದು ನಿಮಿಷ. ನಾಣ್ಯದ ವಿಷಯ ನಿಮಗೆ ಹೇಳಿದ್ದು ಯಾರು?"

"ಆ ಕಾಫಿ ಅಂಗಡಿ ಅಮ್ಮ. ಬೆಳಿಗ್ಗೆ ಫೋನ್ ಮಾಡಿದ್ರು ಪಾಪ. ಹುಡುಗ ಬಾಯಿ ಬಿಡ್ತಿಲ್ಲ ಅಂತ ಹೇಳ್ದೆ, ಅವನ ನಾಣ್ಯ ಮುಂದೆ ಇಡಿ, ಮಾತಾಡ್ತಾನೆ ಅಂದ್ರು. ನಮಗಿಂತ ಅವರಿಗೇ ಬುದ್ಧಿ ಜಾಸ್ತಿ."

ಫೋನು ಸತ್ತಿತು.

ಕೆಳಗೆ ಬೀಜ ಪುಡಿ ಮಾಡುವ ಸದ್ದು ಯಾವಾಗಲೋ ನಿಂತಿತ್ತು. ಸನಾಯೆ ತಲೆಯೆತ್ತಿದಳು. ಮೆಟ್ಟಿಲ ತುದಿಯಲ್ಲಿ ಫುಸಾಕೊ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಜಾಮಾ ಅವಳತ್ತ ನೋಡಲೂ ಇಲ್ಲ, ಜೇಬಿನ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ.

ಬಂದಾಗಿನಿಂದ ಕೂತ್ಕೋ, ಕೂತ್ಕೋ ಎಂದು ಇವಳು ಕಾಫಿ ಕುಡಿಸಿದ್ದು ತನ್ನನ್ನು ಠಾಣೆಯಿಂದ ದೂರ ಇಡಲಿಕ್ಕೆಂದು ಸನಾಯೆಗೆ ಈಗ ಅರ್ಥವಾಯಿತು. ಸಾಕ್ಷಿ ಒಬ್ಬನೇ ಟಂಕಸಾಲೆಗೆ ಹೋಗುತ್ತಾನೆ ಎಂದದ್ದೂ ಅರ್ಥವಾಯಿತು. ಅದು ಮುಂದಿನ ವಾರಕ್ಕೆ ಬಿಟ್ಟ ಎಳೆಯಲ್ಲ, ನಗುಮೊನನ್ನು ಕೊಹೆಯ ಅಂಗಡಿಗೆ ಕರೆದ ಕರೆ; ಅದನ್ನು ಕೊಹೆಯೂ ಕೇಳಿಸಿಕೊಂಡಿದ್ದ, ಅವನ ಫು, ಫು ಇವಳ ಹೆಸರು. ಬಾವಿ ಮುಚ್ಚಿಸದೆ ಜಾಗ ಮಾರಿದವಳೂ ಇವಳೇ.

"ಅಕ್ಕಾ," ಎಂದಳು. "ಕೊಹೆಗೆ ನಾಣ್ಯ ಕೊಡಿಸಿದ್ದು ನೀವಾ?"

"ಪಾಪ, ಮಾತಾಡಲಿ ಅಂತ," ಎಂದಳು ಫುಸಾಕೊ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಲೋಟವನ್ನು ಸನಾಯೆಯ ಮುಂದೆ ಸರಿಸಿದಳು. 

"ಅವನು ಹೇಳಿದ್ದು ಆಟದ ಮಾತು ಅಂತ ನಾನು ನ್ಯಾಯಾಲಯದಲ್ಲಿ ನಿಂತು ಹೇಳ್ತೀನಿ. ಅವನನ್ನೇ ಕರೆಸಿ ಹೇಳಿಸ್ತೀನಿ."

"ಹೇಳಿಸು. ಯಾವ ಕೊಹೆ ಕೈಲಿ ಹೇಳಿಸ್ತೀಯ?" ಫುಸಾಕೊ ಎದುರಿಗೆ ಕೂತು ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಗೆ ಕೈ ಒರೆಸಿಕೊಂಡಳು. "ಬಾಯಿ ಬರೋ ಕೊಹೆಗೆ ಕಾನೂನು ಅಡ್ಡ ಬರತ್ತೆ. ಅದನ್ನ ಬರೆಸಿದೋನೇ ಅವನು, ಪ್ರಾಣ ಹೋದ್ರೂ ಮುರಿಯಲ್ಲ. ಇನ್ನೊಬ್ಬ ಕೊಹೆ ಇದ್ದಾನಲ್ಲ, ಅವನು ನನ್ನ ಹೆಸರು ಹೇಳಿ ಮುಗಿಸೋವರೆಗೂ ಕಾಯೋ ನ್ಯಾಯಾಧೀಶ ಈ ದೇಶದಲ್ಲಿ ಯಾರಿದ್ದಾನೆ, ಸನಾಯೆ?"